30 ದಿನ ಸೋರಿಹೋಗುವುದು ಎಲ್ಲಿ?

ಮನೆ ಕಳೆದುಕೊಂಡ ಕುಟುಂಬ 30 ದಿನದೊಳಗೆ ಮತ್ತೆ ಕಾಯಂ ಮನೆ ಸೇರಬೇಕು ಎಂಬ ಗುರಿಯನ್ನು ಮನೆಯಿಲ್ಲದವರ ನೆರವಿಗಾಗಿ ಅಮೆರಿಕ ಮಾಡಿದ 2009ರ ಹಾರ್ತ್ ಕಾಯ್ದೆಯಲ್ಲೇ ಬರೆದಿಟ್ಟಿದ್ದಾರೆ. ಕೇಳಲು ಚೆನ್ನಾಗಿದೆ. ಆದರೆ ಆಶ್ರಯತಾಣದ ಕಡತ ತೆಗೆದು ಎಣಿಸಿ ನೋಡಿ: ಮನೆ ಹುಡುಕಲು ಹಿಡಿದ ದಿನಗಳಿಗಿಂತ, ಸಿಕ್ಕ ಮನೆಗಾಗಿ ಕಾಗದಪತ್ರ ಓಡಾಡಿದ ದಿನಗಳೇ ಎಷ್ಟೋ ಸಲ ಹೆಚ್ಚಿರುತ್ತವೆ.

ಮೊದಲು ಆಶ್ರಯತಾಣ, ಆಮೇಲೆ ತಾತ್ಕಾಲಿಕ ವಸತಿ, ಕೆಲಸ ಸಿಕ್ಕಿ ಬದುಕು ಸರಿಹೋದ ಮೇಲೆ ಸ್ವಂತ ಬಾಡಿಗೆ ಮನೆ ಎನ್ನುವುದು ಹಳೆಯ ಕ್ರಮ. 1988ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಟಾನ್ಯಾ ಟುಲ್ ಕಟ್ಟಿದ ಬಿಯಾಂಡ್ ಶೆಲ್ಟರ್ ಸಂಸ್ಥೆ ಕುಟುಂಬಗಳ ಮಟ್ಟಿಗೆ ಇದನ್ನು ತಿರುಗಿಸಿ ಹಾಕಿತು: ಮೊದಲು ಮನೆ, ಉಳಿದ ನೆರವು ಮನೆಯೊಳಗಿದ್ದುಕೊಂಡೇ. ಮಕ್ಕಳ ಜೊತೆ ಒಂದೇ ಕೋಣೆಯಲ್ಲಿ ಕೂತು, ಅಡುಗೆಗೂ ಸರದಿ ಕಾಯುವ ತಾಯಿಗೆ ಅಲ್ಲಿಂದಲೇ ಒಳ್ಳೆಯ ಕೆಲಸ ಹುಡುಕಿಕೋ ಎನ್ನುವುದು ನನ್ನ ದೃಷ್ಟಿಯಲ್ಲಿ ತಲೆಕೆಳಗಾದ ಲೆಕ್ಕ.

ಬೇಗ ಬಾಡಿಗೆ ಮನೆ ಹಿಡಿದುಕೊಟ್ಟು, ಮುಂಗಡಕ್ಕೂ ಕೆಲವು ತಿಂಗಳ ಬಾಡಿಗೆಗೂ ಸಂಸ್ಥೆಯೇ ನೆರವಾಗುವ ಈ ವಿಧಾನಕ್ಕೆ ಕ್ಷಿಪ್ರ ಮರುವಸತಿ ಎನ್ನಬಹುದು. ಹಾಗಾಗಿ ಕುಟುಂಬ ಆಶ್ರಯತಾಣಕ್ಕೆ ಬಂದ ದಿನವೇ ಮನೆ ಹುಡುಕಾಟ ಶುರುವಾಗಬೇಕು. ಅಂದು ನೂರು ಪ್ರಶ್ನೆಯ ನಮೂನೆ ತುಂಬಿಸುವ ಅಗತ್ಯವಿಲ್ಲ. ದೊಡ್ಡವರ ಗುರುತಿನ ಚೀಟಿ, ಮಕ್ಕಳ ಜನನ ಪ್ರಮಾಣಪತ್ರ, ಆದಾಯದ ದಾಖಲೆ, ಹಿಂದಿನ ಮನೆ ಮಾಲೀಕರ ಫೋನ್ ನಂಬರ್, ಹಳೆಯ ಬಾಕಿ ಎಷ್ಟು ಎಂಬ ಲೆಕ್ಕ, ಇಷ್ಟು ಸಾಕು. ಇಲ್ಲದ ದಾಖಲೆಗೆ ಅಂದೇ ಅರ್ಜಿ ಹೋಗಲಿ. ಮನೆ ಸಿಕ್ಕಿದ ಮೇಲೆ ಅರ್ಜಿ ಹಾಕುವುದೇ ದಿನಗಳ ಮೊದಲ ಸೋರಿಕೆ. ಬಾಕಿಯ ವಿಷಯ ನೇರವಾಗಿ ಕೇಳಿ, ಏಕೆಂದರೆ ಹೊಸ ಮಾಲೀಕರು ವಿಚಾರಿಸಿದಾಗ ಅದು ಹೊರಬಂದೇ ಬರುತ್ತದೆ. ಹಳೆಯ ಮಾಲೀಕರೊಂದಿಗೆ ಕಂತಿನ ಒಪ್ಪಂದ ಮಾಡಿಸಿ ಬರಹದಲ್ಲಿ ಪಡೆದರೆ, ಅದೇ ಬಾಕಿಯನ್ನು ‘ತೀರಿಸುತ್ತಿದ್ದಾರೆ’ ಎಂದು ತೋರಿಸಬಹುದು.

ಈ ಕೆಲಸದಲ್ಲಿ ತೀರಾ ಕಡೆಗಣಿಸಿರುವುದು ಮಾಲೀಕರೊಂದಿಗಿನ ಮಾತುಕತೆ. ಕುಟುಂಬದ ಕಷ್ಟಸುಖ ನೋಡುವ ಕೇಸ್ ವರ್ಕರ್ ತಲೆಗೇ ಇದನ್ನೂ ಕಟ್ಟಿದರೆ ಎರಡೂ ಕೆಡುತ್ತವೆ. ಮಾಲೀಕರ ಜೊತೆ ವ್ಯವಹರಿಸಲೆಂದೇ ಬೇರೊಬ್ಬರು ಬೇಕು. ಫೋನ್ ಮಾಡಿದಾಗ ‘ಪಾಪ, ಮನೆಯಿಲ್ಲದವರು’ ಎಂದು ಶುರುಮಾಡಬೇಡಿ. ಮಾಲೀಕರಿಗೆ ತಿಳಿಯಬೇಕಾದದ್ದು ಬೇರೆ: ಮುಂಗಡ ಮತ್ತು ಮೊದಲ ತಿಂಗಳ ಬಾಡಿಗೆ ಯಾವ ದಿನ ಕೈಸೇರುತ್ತದೆ, ನೆರೆಹೊರೆಯಿಂದ ದೂರು ಬಂದರೆ ಯಾರಿಗೆ ಕರೆ ಮಾಡಬೇಕು, ಆ ಕರೆಗೆ ಎಷ್ಟು ಹೊತ್ತಿನಲ್ಲಿ ಉತ್ತರ ಬರುತ್ತದೆ. ಒಂದೇ ನಂಬರ್ ಕೊಡಿ, 24 ಗಂಟೆಯೊಳಗೆ ಉತ್ತರಿಸುತ್ತೇವೆ ಎನ್ನಿ, ಉತ್ತರಿಸಿ. ‘ಎಲ್ಲಕ್ಕೂ ನಾವೇ ಜವಾಬ್ದಾರರು’ ಎಂದು ಮಾತ್ರ ಹೇಳಬೇಡಿ. ನೆರವು ಮುಗಿದ ತಿಂಗಳು ಆ ಮಾಲೀಕರಿಗೆ ಮೋಸ ಹೋದಂತೆ ಅನಿಸುತ್ತದೆ, ಮುಂದಿನ ಕುಟುಂಬಕ್ಕೆ ಅವರ ಬಾಗಿಲು ಮುಚ್ಚುತ್ತದೆ. ಹಿಂಸೆಯಿಂದ ತಪ್ಪಿಸಿಕೊಂಡು ಬಂದವರಾದರೆ ಹೊಸ ವಿಳಾಸ ಯಾರ ಕೈಗೆಲ್ಲ ಹೋಗುತ್ತದೆ ಎಂಬುದನ್ನು ಕರಾರಿಗೆ ಮೊದಲೇ ತೀರ್ಮಾನಿಸಿ.

ಮನೆ ತಪಾಸಣೆಯನ್ನು ಕುಟುಂಬ ಮನೆ ನೋಡಲು ಹೋದ ದಿನವೇ ಮುಗಿಸಬಹುದು. ಬೀಗ, ನೀರು, ವಿದ್ಯುತ್, ಸೋರಿಕೆ, ಬೆಂಕಿ ಬಿದ್ದರೆ ಹೊರಹೋಗುವ ದಾರಿ ನೋಡಿ. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ಬಳಿಯುವುದನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕೂ ಹಿಂದಿನ ಕಟ್ಟಡವಾಗಿದ್ದು ಆರು ವರ್ಷದೊಳಗಿನ ಮಕ್ಕಳಿದ್ದರೆ ಸಿಪ್ಪೆಯೇಳುತ್ತಿರುವ ಬಣ್ಣವನ್ನು ಬಿಡದೆ ಪರಿಶೀಲಿಸಬೇಕು. ಇದಾದ ಮೇಲೆ ದಿನಗಳ ಕೊನೆಯ ಸೋರಿಕೆ, ದೊಡ್ಡ ಸೋರಿಕೆ: ಲೆಕ್ಕಪತ್ರ ವಿಭಾಗದಿಂದ ಚೆಕ್ ಬರಲು ಎರಡು ವಾರ. ಅಷ್ಟರಲ್ಲಿ ಮಾಲೀಕರು ಮನೆಯನ್ನು ಬೇರೆಯವರಿಗೆ ಕೊಟ್ಟಿರುತ್ತಾರೆ. ಮುಂಗಡಕ್ಕೆಂದೇ ಪ್ರತ್ಯೇಕ ನಿಧಿ ಇಟ್ಟು, ಒಬ್ಬರ ಸಹಿಯಲ್ಲಿ ಒಂದೆರಡು ದಿನದೊಳಗೆ ಹಣ ಹೊರಡುವ ಹಾಗೆ ಮಾಡದಿದ್ದರೆ ಉಳಿದೆಲ್ಲ ಚುರುಕೂ ವ್ಯರ್ಥ.

ಇನ್ನು ಬಾಡಿಗೆಯ ಲೆಕ್ಕ. ಆದಾಯದ ಶೇ 30ನ್ನು ಮೀರದ ಬಾಡಿಗೆ ಎಂಬ ಮಾನದಂಡ ಬಹಳ ಕುಟುಂಬಗಳಿಗೆ ನಿಲುಕುವುದಿಲ್ಲ. ತಿಂಗಳ ಆದಾಯ 100 ಅಂದುಕೊಳ್ಳಿ, ಬಾಡಿಗೆ 60. ಉಳಿದ 40ರಲ್ಲಿ ಊಟ, ವಿದ್ಯುತ್, ಬಸ್ಸು, ಔಷಧ. ಮಗುವಿಗೆ ಒಂದು ವಾರ ಜ್ವರ ಬಂದು ದಿನಗೂಲಿ ತಪ್ಪಿದರೆ ಆದಾಯ 75ಕ್ಕೆ ಇಳಿಯುತ್ತದೆ, ಬಾಡಿಗೆ 60ರಲ್ಲೇ ನಿಂತಿರುತ್ತದೆ. ಈ ಲೆಕ್ಕವನ್ನು ಕುಟುಂಬದ ಜೊತೆ ಕೂತು ಕರಾರಿಗೆ ಮೊದಲೇ ಹಾಕಬೇಕು. ನೆರವನ್ನು ಒಂದೇ ಸಲ ನಿಲ್ಲಿಸದೆ ಇಳಿಸುತ್ತ ಹೋಗುವುದು ವಾಡಿಕೆ, ಆದರೆ ಕ್ಯಾಲೆಂಡರ್ ನೋಡಿ ಇಳಿಸುವವರೇ ಹೆಚ್ಚು. ಮೂರು ತಿಂಗಳಿಗೊಮ್ಮೆ ಆದಾಯ ನೋಡಿ ಇಳಿಸಿ. ಆದಾಯ ಏರಿರದಿದ್ದರೆ ಇಳಿಸಬೇಡಿ. ಅಮೆರಿಕದ ತುರ್ತು ವಸತಿ ಅನುದಾನದಲ್ಲಿ ಯಾವುದೇ ಮೂರು ವರ್ಷದಲ್ಲಿ 24 ತಿಂಗಳವರೆಗೆ ಬಾಡಿಗೆ ನೆರವು ಕೊಡಲು ಅವಕಾಶವಿದೆ. ಅದು ಮಿತಿ, ಎಲ್ಲರಿಗೂ ಅಷ್ಟು ಬೇಕಿಲ್ಲ, ಕೆಲವರಿಗೆ ಅಷ್ಟೂ ಸಾಲದು.

ಮನೆ ಸೇರಿದ ಮೊದಲ ವಾರದಲ್ಲೇ ಒಮ್ಮೆ ಹೋಗಿ ಬನ್ನಿ. ಹಾಸಿಗೆ, ಒಲೆ, ನಾಲ್ಕು ಪಾತ್ರೆ ಇವೆಯೇ ನೋಡಿ. ಆಪ್ತ ಸಮಾಲೋಚನೆಗೆ ಬಂದರಷ್ಟೇ ಬಾಡಿಗೆ ಕಟ್ಟುತ್ತೇವೆ ಎಂಬ ಷರತ್ತು ಬೇಡ. ಬಾಡಿಗೆ ದಿನಕ್ಕೆ ಐದು ದಿನ ಮೊದಲು ಒಂದು ಫೋನ್ ಮಾಡಿದರೆ, ಬಾಕಿ ಬಿದ್ದ ಮೇಲೆ ನಡೆಸುವ ಹತ್ತು ಸಭೆಗಿಂತ ಹೆಚ್ಚು ಕೆಲಸವಾಗುತ್ತದೆ.

ಈ ವಿಧಾನದ ಮಿತಿಯನ್ನೂ ಹೇಳಬೇಕು. ಅಮೆರಿಕದ 12 ಕಡೆ 2,282 ಕುಟುಂಬಗಳನ್ನು ಸೇರಿಸಿಕೊಂಡು ನಡೆದ ಫ್ಯಾಮಿಲಿ ಆಪ್ಷನ್ಸ್ ಅಧ್ಯಯನದ ಅಂತಿಮ ವರದಿ 2016ರಲ್ಲಿ ಬಂತು. ಅಲ್ಪಾವಧಿ ಬಾಡಿಗೆ ನೆರವು ಸಿಕ್ಕವರ ಸ್ಥಿತಿ ಮಾಮೂಲಿ ಆಶ್ರಯತಾಣದ ಹಾದಿ ಹಿಡಿದವರಿಗಿಂತ ಹೆಚ್ಚೇನೂ ಬೇರೆಯಾಗಿರಲಿಲ್ಲ, ಖರ್ಚು ಮಾತ್ರ ಕಡಿಮೆ. ಬಾಡಿಗೆಗೆ ದೀರ್ಘಾವಧಿ ಸಹಾಯಧನ ಸಿಕ್ಕವರಲ್ಲಿ ಮತ್ತೆ ಮನೆ ಕಳೆದುಕೊಂಡವರ ಪ್ರಮಾಣ ಅರ್ಧಕ್ಕೂ ಕೆಳಗಿಳಿದಿತ್ತು. ಅಂದರೆ ಬೇಗ ಮನೆ ಸೇರಿಸಿದ ಮಾತ್ರಕ್ಕೆ ಬಡತನ ಹೋಗುವುದಿಲ್ಲ. ಸತತ ಎರಡು ಪರಿಶೀಲನೆಯಲ್ಲಿ ಬಾಡಿಗೆ ಆದಾಯದ ಅರ್ಧವನ್ನು ಮೀರಿದ್ದರೆ ಆ ಕುಟುಂಬಕ್ಕೆ ದೀರ್ಘಾವಧಿ ಸಹಾಯಧನವೇ ಬೇಕು ಎಂದು ತಿಳಿಯಿರಿ. ಅದರ ಸರದಿ ಉದ್ದವಿರುವುದರಿಂದ, ಅರ್ಜಿ ಮಾತ್ರ ಮೊದಲ ತಿಂಗಳಲ್ಲೇ, ಗುರುತಿನ ಚೀಟಿಯ ಅರ್ಜಿಯ ಜೊತೆಗೇ ಹೋಗಿರಬೇಕು.