ಕ್ರೀಮನ್ನು ಚರ್ಮ ಕುಡಿಯುವುದಿಲ್ಲ

ಕೈಯ ಹಿಂಬದಿಗೆ ಒಂಚೂರು ಕ್ರೀಮ್, ಪಕ್ಕದಲ್ಲೇ ಅಷ್ಟೇ ಆಯಿಂಟ್‌ಮೆಂಟ್ ಇಟ್ಟು ಉಜ್ಜಿ ನೋಡಿ. ಕ್ರೀಮ್ ಮೊದಲು ಬೆಳ್ಳಗೆ ಹರಡುತ್ತದೆ, ತಣ್ಣಗೆ ಅನ್ನಿಸುತ್ತದೆ, ಸ್ವಲ್ಪ ಹೊತ್ತಿಗೆ ಮಾಯ. ಆಯಿಂಟ್‌ಮೆಂಟ್ ಮಾತ್ರ ಜಿಡ್ಡುಜಿಡ್ಡಾಗಿ ಹೊಳೆಯುತ್ತಾ ಅಲ್ಲೇ ಕೂತಿರುತ್ತದೆ. ಕ್ರೀಮನ್ನು ಚರ್ಮ ಪೂರ್ತಿ ಕುಡಿದುಬಿಟ್ಟಿತು, ಆಯಿಂಟ್‌ಮೆಂಟ್ ಒಳಗೆ ಇಳಿಯಲೇ ಇಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಆದರೆ ನಡೆದದ್ದೇ ಬೇರೆ.

ಕ್ರೀಮ್ ಅಂದರೆ ಎಣ್ಣೆಯನ್ನೂ ನೀರನ್ನೂ ಬೇರೆಯಾಗದಂತೆ ಕಲಸಿಟ್ಟದ್ದು. ಅದರಲ್ಲಿ ಸುಮಾರು ಅರ್ಧ, ಎಷ್ಟೋ ಸಲ ಅದಕ್ಕಿಂತ ಜಾಸ್ತಿ, ಬರೀ ನೀರು. ಅದರೊಳಗಿನ ಪುಟ್ಟ ಪುಟ್ಟ ಹನಿಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ, ಅದಕ್ಕೇ ಕ್ರೀಮ್ ಬೆಳ್ಳಗೆ ಕಾಣುವುದು. ಉಜ್ಜಿದಾಗ ನೀರು ಆವಿಯಾಗುತ್ತದೆ, ಹೋಗುವಾಗ ಚರ್ಮದ ಶಾಖವನ್ನೂ ಎಳೆದುಕೊಂಡು ಹೋಗುತ್ತದೆ. ತಂಪಾಗುವುದು ಇದರಿಂದ. ಹನಿಗಳು ಒಡೆದು ತೆಳು ಪದರವಾದ ಮೇಲೆ ಬೆಳಕು ಚದುರುವುದಿಲ್ಲ, ಬಿಳುಪೂ ಉಳಿಯುವುದಿಲ್ಲ. ಮಾಯವಾದ ಕ್ರೀಮಿನ ದೊಡ್ಡ ಪಾಲು ಹೋದದ್ದು ಗಾಳಿಗೆ.

ಈ ಕಲಸುವ ವಿದ್ಯೆ ಬಹಳ ಹಳೆಯದು. ಜೇನುಮೇಣವನ್ನು ಎಣ್ಣೆಯಲ್ಲಿ ಕರಗಿಸಿ ನೀರು ಬೆರೆಸುವ ಪಾಕ ಎರಡನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ಹೆಸರಿನಲ್ಲಿ ನಮಗೆ ಬಂದಿದೆ. ಆಯಿಂಟ್‌ಮೆಂಟಿನ ಕತೆ ಇನ್ನೂ ಸೊಗಸು. 1859ರಲ್ಲಿ ರಾಬರ್ಟ್ ಚೀಸ್‌ಬ್ರೋ ಎಂಬ ರಸಾಯನ ತಜ್ಞ ಅಮೆರಿಕದ ಪೆನ್ಸಿಲ್ವೇನಿಯಾದ ಎಣ್ಣೆ ಬಾವಿಗಳನ್ನು ನೋಡಲು ಹೋದ. ಪಂಪಿನ ಸರಳುಗಳಿಗೆ ಮೇಣದಂಥ ಕಪ್ಪು ಗಸಿ ಮೆತ್ತಿಕೊಳ್ಳುತ್ತಿತ್ತು. ಕೆಲಸಗಾರರಿಗೆ ಅದು ದೊಡ್ಡ ಕಾಟ. ಆದರೆ ಸುಟ್ಟ ಗಾಯಕ್ಕೆ, ತರಚಿದ ಗಾಯಕ್ಕೆ ಅವರು ಹಚ್ಚಿಕೊಳ್ಳುತ್ತಿದ್ದದ್ದೂ ಅದನ್ನೇ! ಚೀಸ್‌ಬ್ರೋ ಆ ಗಸಿಯನ್ನು ಸೋಸಿ ಶುದ್ಧ ಮಾಡಿ 1872ರಲ್ಲಿ ಪೇಟೆಂಟ್ ಪಡೆದ. ಅದೇ ವ್ಯಾಸಲೀನ್. ಇವತ್ತಿಗೂ ಎಷ್ಟೋ ಆಯಿಂಟ್‌ಮೆಂಟುಗಳಲ್ಲಿ ಔಷಧವನ್ನು ಹೊತ್ತಿರುವುದು ಇಂಥ ಪೆಟ್ರೋಲಿಯಂ ಜೆಲ್ಲಿಯೇ. ನೀರು ಇಲ್ಲವೇ ಇಲ್ಲ, ಇದ್ದರೂ ಸ್ವಲ್ಪ.

ಈ ಜಿಡ್ಡು ಏನು ಮಾಡುತ್ತದೆ ಅನ್ನುವುದೇ ಇಲ್ಲಿ ಅಸಲು ವಿಷಯ. ಚರ್ಮದ ತೀರ ಹೊರಗಿನ ಪದರವನ್ನು ಇಟ್ಟಿಗೆ ಗೋಡೆ ಅಂದುಕೊಳ್ಳಿ. ಸತ್ತ, ಚಪ್ಪಟೆ ಜೀವಕೋಶಗಳು ಇಟ್ಟಿಗೆಗಳು. ನಡುವಿನ ಕೊಬ್ಬು ಗಾರೆ. ಮೈಯ ಹೆಚ್ಚಿನ ಭಾಗದಲ್ಲಿ ಈ ಗೋಡೆಯ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು, ಅಷ್ಟೇ. ಮೈಯೊಳಗಿನ ನೀರು ಇದರ ಮೂಲಕ ಹಗಲೂ ರಾತ್ರಿ ಸ್ವಲ್ಪಸ್ವಲ್ಪವೇ ಹೊರಗೆ ಜಾರುತ್ತಿರುತ್ತದೆ. ಮೇಲೆ ಜಿಡ್ಡು ಬಳಿದರೆ ಆ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ನೀರು ಗೋಡೆಯಲ್ಲೇ ನಿಲ್ಲುತ್ತದೆ. ಇಟ್ಟಿಗೆಗಳು ನೆನೆದು ಉಬ್ಬುತ್ತವೆ, ಗಾರೆ ಸಡಿಲವಾಗುತ್ತದೆ, ಔಷಧ ಸಲೀಸಾಗಿ ಕೆಳಗಿಳಿಯುತ್ತದೆ. ಮೇಲೆ ಕೂತೇ ಇದೆ ಅನ್ನಿಸಿದ ಆಯಿಂಟ್‌ಮೆಂಟ್ ತನ್ನ ಔಷಧವನ್ನು ಒಳಗೆ ಕಳಿಸುತ್ತಿರುವುದು ಹೀಗೆ.

ಹಾಗಾಗಿ 'ಔಷಧ ಅದೇ, ಪರ್ಸೆಂಟೂ ಅದೇ, ಯಾವುದಾದರೂ ನಡೆಯುತ್ತೆ' ಅನ್ನುವುದು ತಪ್ಪು. ಚರ್ಮದ ಉರಿ, ಕೆಂಪು, ತುರಿಕೆ ತಗ್ಗಿಸಲು ಹಚ್ಚುವ ಸ್ಟೀರಾಯ್ಡ್ ಔಷಧಗಳನ್ನು ಶಕ್ತಿಯ ಲೆಕ್ಕದಲ್ಲಿ ಏಳು ವರ್ಗ ಮಾಡುವ ಪಟ್ಟಿಯೊಂದಿದೆ. ಒಂದನೆಯದು ಅತಿ ಪ್ರಬಲ. ಅದರಲ್ಲಿ 0.1 ಪರ್ಸೆಂಟಿನ ಮೊಮೆಟಾಸೋನ್ ಆಯಿಂಟ್‌ಮೆಂಟ್ ಇರುವುದು ಎರಡನೇ ವರ್ಗದಲ್ಲಿ. ಅಷ್ಟೇ ಪರ್ಸೆಂಟಿನ ಕ್ರೀಮ್ ನಾಲ್ಕನೆಯದರಲ್ಲಿ. ಎಲ್ಲ ಔಷಧಕ್ಕೂ ಇಷ್ಟು ಅಂತರ ಇರುವುದಿಲ್ಲ, ನಿಜ. ಆದರೂ ವೈದ್ಯರು ಆಯಿಂಟ್‌ಮೆಂಟ್ ಅಂತ ಬರೆದಿದ್ದರೆ, ಜಿಡ್ಡು ಬೇಡ ಅಂತ ನೀವೇ ಕ್ರೀಮಿಗೆ ಬದಲಾಯಿಸಬೇಡಿ.

ಗೋಡೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ ಅನ್ನುವುದೂ ನೆನಪಿರಲಿ. ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಎಲ್ಲಿ ಎಷ್ಟು ಇಳಿಯುತ್ತದೆ ಅಂತ 1967ರಲ್ಲಿ ಅಳೆದು ನೋಡಿದ್ದಾರೆ. ಮುಂಗೈಗೆ ಹೋಲಿಸಿದರೆ ದವಡೆಯ ಹತ್ತಿರ ಸುಮಾರು 13 ಪಟ್ಟು, ವೃಷಣದ ಚರ್ಮದಲ್ಲಿ 42 ಪಟ್ಟು! ಅಂಗಾಲಿನಲ್ಲಿ ಏಳರಲ್ಲಿ ಒಂದು ಪಾಲು. ಒಡೆದ ಹಿಮ್ಮಡಿಗೆ ಕೊಟ್ಟ ಪ್ರಬಲ ಸ್ಟೀರಾಯ್ಡ್ ಆಯಿಂಟ್‌ಮೆಂಟನ್ನು ಮುಖಕ್ಕೂ, ತೊಡೆಸಂದಿಗೂ ಸುಮ್ನೆ ಬಳಿದುಕೊಂಡರೆ ಚರ್ಮ ತೆಳ್ಳಗಾಗಿ, ರಕ್ತನಾಳಗಳು ಕೆಂಪು ಗೆರೆಗಳಾಗಿ ಕಾಣತೊಡಗುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ.

ಒಣಗಿ ಬಿರಿದ, ದಪ್ಪಗಟ್ಟಿದ, ಸಿಪ್ಪೆ ಏಳುವ ಚರ್ಮಕ್ಕೆ ಆಯಿಂಟ್‌ಮೆಂಟ್ ಸರಿ. ನೀರು ಒಸರುವ ಇಸಬಿಗೆ ಕ್ರೀಮ್. ಒದ್ದೆ ಜಾಗದ ಮೇಲೆ ಜಿಡ್ಡು ಅಂಟುವುದೂ ಇಲ್ಲ, ಅಂಟಿದರೂ ರಸವನ್ನು ಒಳಗೇ ಹಿಡಿದಿಡುತ್ತದೆ. ಬೆವರಿ ನೆನೆಯುವ ಕಂಕುಳು, ಸಂದುಗಳಿಗೂ ಕ್ರೀಮೇ ವಾಸಿ. ಕೂದಲಿರುವ ಜಾಗಕ್ಕೆ ಲೋಶನ್ ಅಥವಾ ಜೆಲ್. ಕ್ರೀಮಿನ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯಬಹುದಾದ್ದರಿಂದ ಅದಕ್ಕೆ ಸಂರಕ್ಷಕ ಬೆರೆಸಿರುತ್ತಾರೆ. ಕೆಲವರಿಗೆ ಉರಿ, ಅಲರ್ಜಿ ತರುವುದು ಔಷಧವಲ್ಲ, ಈ ಸಂರಕ್ಷಕ. ನೀರಿಲ್ಲದ ಆಯಿಂಟ್‌ಮೆಂಟಿಗೆ ಸಾಮಾನ್ಯವಾಗಿ ಅದು ಬೇಕಿಲ್ಲ.

ಎಷ್ಟು ಹಚ್ಚಬೇಕು? ಸ್ಟೀರಾಯ್ಡ್ ಆದರೆ ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ಎರಡು ಅಂಗೈ ಅಗಲದ ಚರ್ಮಕ್ಕೆ ಅಷ್ಟು ಸಾಕು.

ಚರ್ಮ ಮೆದುವಾಗಲೆಂದು ಮೈತುಂಬ ದಿನವೂ ಮುಲಾಮು ಹಚ್ಚುವವರು ಇನ್ನೊಂದು ವಿಷಯ ತಿಳಿದಿರಬೇಕು. ಅದರ ಜಿಡ್ಡು ಬಟ್ಟೆಗೆ, ಹಾಸಿಗೆಗೆ, ಬ್ಯಾಂಡೇಜಿಗೆ ಇಳಿದು ಒಣಗಿದರೆ ಬೆಂಕಿ ಬೇಗ ಹತ್ತುತ್ತದೆ. ಒಗೆದರೂ ಪೂರ್ತಿ ಹೋಗುವುದಿಲ್ಲ. ಇದು ಆಯಿಂಟ್‌ಮೆಂಟಿನದಷ್ಟೇ ಸಮಸ್ಯೆಯಲ್ಲ, ಕ್ರೀಮಿನದೂ ಹೌದು ಎಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. ಹಾಸಿಗೆ ಹಿಡಿದವರಿಗೆ ಹಚ್ಚುತ್ತಿದ್ದರೆ ಸಿಗರೇಟು, ಮೇಣದಬತ್ತಿ ಆ ಕೋಣೆಯೊಳಗೆ ಬರುವುದೇ ಬೇಡ.