ಕ್ಲೆಪ್ಟೋಪ್ಲಾಸ್ಟಿ: ಕದ್ದ ಹಸಿರಿನ ಹೆಸರು

ಮಳೆಗಾಲದಲ್ಲಿ ಚಿತ್ರದುರ್ಗದ ಕೋಟೆ ಹತ್ತಿದವರು ಹೊಂಡದ ನೀರಿನಲ್ಲಿರುವ ಹಸಿರನ್ನೂ ಕಲ್ಲುಗೋಡೆಯ ಸಂದಿಯಲ್ಲಿ ಮೆತ್ತೆಯಂತೆ ಬೆಳೆದ ಹಸಿರನ್ನೂ ‘ಪಾಚಿ’ ಎಂದೇ ಕರೆಯುತ್ತಾರೆ. ಸಸ್ಯವಿಜ್ಞಾನದಲ್ಲಿ ಮೊದಲನೆಯದು ಶೈವಲ, ಎರಡನೆಯದು ಹಾವಸೆ. ಕ್ಲೆಪ್ಟೋಪ್ಲಾಸ್ಟಿ ಎಂಬ ಪದದ ಮಟ್ಟಿಗೆ ಕಳ್ಳತನಕ್ಕೆ ಗುರಿಯಾಗುವುದು ಶೈವಲವಾದ್ದರಿಂದ ವ್ಯತ್ಯಾಸವನ್ನು ಮೊದಲೇ ಹೇಳಬೇಕಾಯಿತು.

ಗ್ರೀಕ್ ಭಾಷೆಯಲ್ಲಿ ‘ಕ್ಲೆಪ್ಟೆಸ್’ ಎಂದರೆ ಕಳ್ಳ. ಬಿಸಿಲಿನ ಬಲದಿಂದ ಆಹಾರ ತಯಾರಿಸುವ ಹಸಿರು ಕಣವಾದ ಕ್ಲೋರೋಪ್ಲಾಸ್ಟನ್ನು ಬೇರೊಂದು ಜೀವಿಯಿಂದ ಪಡೆದು, ಅರಗಿಸಿಕೊಳ್ಳದೆ ತನ್ನ ಜೀವಕೋಶದೊಳಗೆ ಇಟ್ಟುಕೊಳ್ಳುವುದೇ ಕ್ಲೆಪ್ಟೋಪ್ಲಾಸ್ಟಿ. ಉತ್ತರ ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಉಪ್ಪುಜೌಗಿನಲ್ಲಿ ಬಾಳುವ ಎಲೀಸಿಯ ಕ್ಲೋರೋಟಿಕ ಎಂಬ ಚಿಪ್ಪಿಲ್ಲದ ಬಸವನಹುಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಅದು ವಾಕೇರಿಯ ಎಂಬ ಶೈವಲದ ಎಳೆಯನ್ನು ಚುಚ್ಚಿ ಒಳಗಿನದನ್ನು ಹೀರುತ್ತದೆ. ಉಳಿದದ್ದು ಜೀರ್ಣವಾದರೂ ಕ್ಲೋರೋಪ್ಲಾಸ್ಟುಗಳು ಮೈತುಂಬ ಕವಲೊಡೆದ ಜೀರ್ಣಾಂಗದ ಕೋಶಗಳಲ್ಲಿ ಉಳಿದು, ಹುಳು ಎಲೆಯಂತೆ ಹಸಿರಾಗುತ್ತದೆ. ಬಳಿಕ ಮೇವಿಲ್ಲದೆಯೂ ಅದು ಸುಮಾರು ಒಂಬತ್ತು ತಿಂಗಳು ಬದುಕಬಲ್ಲದು.

ಪದವಿ ತರಗತಿಗಳಲ್ಲಿ ಕಲಿಸುವ ಫ್ಯುನೇರಿಯ ಎಂಬ ಹಾವಸೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಪದದ ತಿರುಳು ತಿಳಿಯುತ್ತದೆ. ಎರಡರ ಬಣ್ಣವೂ ಒಂದೇ, ಅದರ ಕಾರಣವೂ ಪತ್ರಹರಿತ್ತೇ. ಬೇರೆಯಾಗಿರುವುದು ದುರಸ್ತಿಯ ವ್ಯವಸ್ಥೆ. ಕ್ಲೋರೋಪ್ಲಾಸ್ಟಿಗೆ ಬೇಕಾದ ಪ್ರೋಟೀನುಗಳಲ್ಲಿ ಬಹುಪಾಲಿನ ಜೀನ್‌ಗಳು ಅದರೊಳಗೆ ಇಲ್ಲ, ಕೋಶಕೇಂದ್ರದಲ್ಲಿವೆ. ಹಾವಸೆಗೆ ಆ ಕೋಶಕೇಂದ್ರ ತನ್ನದೇ. ಹುಳುವಾದರೋ ಕೊಳವೆಬಾವಿಯ ಮೋಟಾರನ್ನು ಹೊತ್ತು ತಂದು, ಅದು ಸುಟ್ಟುಹೋದರೆ ರಿವೈಂಡಿಂಗ್ ಮಾಡುವವನಿಲ್ಲದೆ ಕೂತವನಂತೆ. ಕೋಶಕೇಂದ್ರವನ್ನು ಅದು ಶೈವಲದ ಜೊತೆಗೇ ಜೀರ್ಣಿಸಿಕೊಂಡಿರುತ್ತದೆ. ಹಾಗಿದ್ದೂ ಕಣಗಳು ತಿಂಗಳುಗಟ್ಟಲೆ ಕೆಡದಿರುವುದೇ ಸೋಜಿಗ. ಶೈವಲದ ಜೀನ್ ಹುಳುವಿನ ಡಿಎನ್‌ಎಗೇ ಸೇರಿದೆಯೆಂದು 2008ರಲ್ಲಿ ಒಂದು ಸಂಶೋಧನೆ ವಾದಿಸಿತಾದರೂ, 2013ರಲ್ಲಿ ಮೊಟ್ಟೆಗಳ ಡಿಎನ್‌ಎ ಪರಿಶೀಲಿಸಿದಾಗ ಅದಕ್ಕೆ ಆಧಾರ ಸಿಗಲಿಲ್ಲ. ವಾಕೇರಿಯದ ಕ್ಲೋರೋಪ್ಲಾಸ್ಟೇ ಗಟ್ಟಿ ಜಾತಿಯದು ಎಂಬ ವಿವರಣೆ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

‘ಕಳವು’ ಎಂಬ ಮಾತು ತುಸು ಅತಿಯೆನಿಸಬಹುದು, ಏಕೆಂದರೆ ಮೇಯುವ ಪ್ರಾಣಿಯನ್ನು ಯಾರೂ ಕಳ್ಳನೆನ್ನುವುದಿಲ್ಲ. ಆದರೆ ಕದ್ದ ಮಾಲು ಮಕ್ಕಳಿಗೆ ದಕ್ಕುವುದಿಲ್ಲವೆಂಬ ಅರ್ಥದಲ್ಲಿ ಹೆಸರು ಹೊಂದುತ್ತದೆ. ಹಾವಸೆಯ ಬೀಜಕ ಗಾಳಿಯಲ್ಲಿ ತೇಲಿಹೋಗುವಾಗಲೇ ಕ್ಲೋರೋಪ್ಲಾಸ್ಟನ್ನು ಒಳಗಿಟ್ಟುಕೊಂಡಿರುತ್ತದೆ. ಎಲೀಸಿಯದ ಮರಿ ಅದಿಲ್ಲದೆ ಮೊಟ್ಟೆಯೊಡೆದು, ನೀರಿನಲ್ಲಿ ಕೆಲಕಾಲ ಈಜಿ, ವಾಕೇರಿಯದ ಎಳೆ ಸಿಕ್ಕಲ್ಲಿ ನೆಲೆಯೂರಿ, ತಾಯಿಯಂತೆಯೇ ಮೊದಲಿನಿಂದ ಹೀರತೊಡಗುತ್ತದೆ.