ಮೊಟ್ಟೆಯೊಳಗೆ ಕೂತವರ ಲೆಕ್ಕಾಚಾರ

ಕೀಟ ಏಕಾಏಕಿ ಜಾಸ್ತಿಯಾಯಿತು ಅಂದರೆ ನಾವು ಮೊದಲು ಹವಾಮಾನ, ಗೊಬ್ಬರ, ಔಷಧಿಗಳನ್ನು ದೂರುತ್ತೇವೆ. ತಪ್ಪೇನಲ್ಲ. ಆದರೆ ಕೀಟದ ಮೈಯೊಳಗಿನ ಬ್ಯಾಕ್ಟೀರಿಯಾಗಳಿಗೂ ಇದರಲ್ಲಿ ಕೈ ಇರುತ್ತದೆ.

ಗಿಡಹೇನು ಹೀರುವ ರಸದಲ್ಲಿ ಸಕ್ಕರೆ ಜಾಸ್ತಿ, ಅಗತ್ಯ ಅಮೈನೋ ಆಮ್ಲಗಳು ಕಡಿಮೆ. ಆ ಕೊರತೆ ತುಂಬುವುದು ಬುಕ್ನೆರಾ ಎಂಬ ಬ್ಯಾಕ್ಟೀರಿಯಾ. ಲ್ಯಾಬಿನಲ್ಲಿ ಆ್ಯಂಟಿಬಯೋಟಿಕ್ ಕೊಟ್ಟು ಬುಕ್ನೆರಾ ಕೊಂದರೆ ಹೇನು ತಕ್ಷಣ ಸಾಯುವುದಿಲ್ಲ. ಸೊರಗುತ್ತದೆ, ಮರಿ ಹಾಕುವುದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ.

ಇಲ್ಲಿ ಇಬ್ಬರಿಗೂ ಲಾಭ. ವೊಲ್ಬಾಕಿಯಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದ್ದು ಬೇರೆಯೇ ಆಟ. 1924ರಲ್ಲಿ ಹರ್ಟಿಗ್ ಮತ್ತು ವೊಲ್ಬಾಕ್ ಇದನ್ನು ಕ್ಯೂಲೆಕ್ಸ್ ಸೊಳ್ಳೆಯಲ್ಲಿ ಕಂಡರು. ಇದು ದಾಟುವುದು ಮುಖ್ಯವಾಗಿ ತಾಯಿಯ ಮೊಟ್ಟೆಯ ಮೂಲಕ. ಗಂಡಿನ ಮೈ ಸೇರಿದರೆ ಇದರ ವಂಶ ಅಲ್ಲಿಗೇ ಮುಗಿಯಿತು. ಹಾಗಾಗಿ ಸೋಂಕಿತ ಹೆಣ್ಣುಗಳು ಹೆಚ್ಚಲು ಇದು ಏನು ಬೇಕಾದರೂ ಮಾಡುತ್ತದೆ. ಸೋಂಕಿತ ಗಂಡು ಸೋಂಕಿಲ್ಲದ ಹೆಣ್ಣಿನ ಜೊತೆ ಕೂಡಿದರೆ, ಮೊದಲ ಕೋಶ ವಿಭಜನೆಯಲ್ಲೇ ತಂದೆಯ ವರ್ಣತಂತುಗಳು ಎಡವುತ್ತವೆ, ಭ್ರೂಣ ಸಾಯುತ್ತದೆ. ಅದೇ ತಳಿಯ ವೊಲ್ಬಾಕಿಯಾ ಇರುವ ಹೆಣ್ಣಿನ ಮೊಟ್ಟೆಗಳು ಮಾತ್ರ ಆರಾಮಾಗಿ ಒಡೆಯುತ್ತವೆ.

ಕೀಟದ ಮೊಟ್ಟೆಗಳನ್ನು ತಿನ್ನುವ ಟ್ರೈಕೊಗ್ರಾಮ ಕಣಜದಲ್ಲಿ ನಾವು ಇನ್ನೊಂದು ಚಮತ್ಕಾರ ನೋಡುತ್ತೇವೆ. ಇದರ ಉದ್ದ ಸುಮಾರು ಅರ್ಧ ಮಿಲಿಮೀಟರ್. ಮೈಕ್ರೋಸ್ಕೋಪಿನಲ್ಲಿ ಮೀಸೆ ನೋಡಿ ಲಿಂಗ ಹೇಳಬಹುದು: ಗಂಡಿಗೆ ಉದ್ದ ರೋಮ, ಹೆಣ್ಣಿಗೆ ಗದೆಯಂಥ ದಪ್ಪ ತುದಿ. ಸಾಮಾನ್ಯವಾಗಿ ಫಲಿಸದ ಮೊಟ್ಟೆಯಿಂದ ಗಂಡೇ ಹುಟ್ಟಬೇಕು. ಆದರೆ ವೊಲ್ಬಾಕಿಯಾ ಇರುವ ಕೆಲವು ತಳಿಗಳಲ್ಲಿ ಗಂಡಿನ ಮುಖವನ್ನೇ ಕಾಣದ ಹೆಣ್ಣು ಬರೀ ಹೆಣ್ಣುಗಳನ್ನೇ ಹೆರುತ್ತದೆ! ಅದೇ ತಳಿಯನ್ನು ಕೆಲವು ತಲೆಮಾರು 30 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಸಾಕಿದರೆ ವೊಲ್ಬಾಕಿಯಾ ಕಳೆದುಹೋಗಿ ರೋಮದ ಮೀಸೆಗಳು, ಅಂದರೆ ಗಂಡುಗಳು, ಮತ್ತೆ ಕಾಣಿಸುತ್ತವೆ. ಜೈವಿಕ ನಿಯಂತ್ರಣಕ್ಕೆ ಕಣಜ ಸಾಕುವವರು ಇನ್‌ಕ್ಯುಬೇಟರಿನ ಉಷ್ಣತೆಯ ಮೇಲೆ ಕಣ್ಣಿಡಬೇಕು ಅನ್ನುವುದು ಇದಕ್ಕೇ.

ಬಿಳಿನೊಣದಲ್ಲಿ ಈ ಆಟ ಹೊಲದಲ್ಲೇ ನಡೆದಿದೆ. ಅಮೆರಿಕದ ನೈಋತ್ಯ ಭಾಗದಲ್ಲಿ ರಿಕೆಟ್ಸಿಯಾ ಎಂಬ ಬ್ಯಾಕ್ಟೀರಿಯಾ ಆರೇ ವರ್ಷದಲ್ಲಿ ಹೆಚ್ಚುಕಡಿಮೆ ಎಲ್ಲ ಬಿಳಿನೊಣಗಳಿಗೂ ಹಬ್ಬಿತು. ಸೋಂಕಿತ ನೊಣ ಬೇಗ ಬೆಳೆದು, ಹೆಚ್ಚು ಮರಿ ಮಾಡಿತು, ಅದರಲ್ಲೂ ಹೆಣ್ಣೇ ಜಾಸ್ತಿ.

ಹಾಗಾದರೆ ಬೆಳೆಗೆ ಆ್ಯಂಟಿಬಯೋಟಿಕ್ ಹೊಡೆದರಾಯ್ತಲ್ವಾ ಅಂತ ಕೇಳುವವರಿದ್ದಾರೆ. ಬೇಡ. ಈ ಬ್ಯಾಕ್ಟೀರಿಯಾಗಳು ಕೀಟದ ಕೋಶದೊಳಗೆ ಕೂತಿವೆ, ಸಿಂಪಡಣೆ ಅಲ್ಲಿ ಸಾಕಷ್ಟು ತಲುಪುವುದು ಕಷ್ಟ. ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಮಾತ್ರ ಸುಮ್ನೆ ನಿರೋಧಕ ಶಕ್ತಿ ಕಲಿಸಿದ ಹಾಗಾಗುತ್ತದೆ.

ಉಪಯೋಗಕ್ಕೆ ಬಂದಿರುವುದು ವೊಲ್ಬಾಕಿಯಾ ಸೋಂಕಿತ ಗಂಡುಗಳನ್ನು ಬಿಡುವ ದಾರಿ. 1967ರಲ್ಲಿ ಲಾವೆನ್ ಎಂಬ ವಿಜ್ಞಾನಿ ಬರ್ಮಾದ ಓಕ್ಪೋ ಹಳ್ಳಿಯಲ್ಲಿ ಅಲ್ಲಿನ ಹೆಣ್ಣುಗಳಿಗೆ ಹೊಂದಾಣಿಕೆಯಾಗದ ಕ್ಯೂಲೆಕ್ಸ್ ಗಂಡುಗಳನ್ನು ಬಿಟ್ಟು ಸೊಳ್ಳೆಯನ್ನು ಹತ್ತಿಕ್ಕಿದರು. ಆದರೆ ಬಿಡುವ ರಾಶಿಯಲ್ಲಿ ಹೆಣ್ಣುಗಳು ನುಸುಳಿದರೆ ಅವುಗಳ ಸಂತಾನವೇ ಅಲ್ಲಿ ನೆಲೆಯೂರಬಹುದು. ಆಮೇಲೆ ಬಿಟ್ಟ ಗಂಡುಗಳಿಂದ ಏನೂ ಆಗದು. ಅದಕ್ಕೇ ಈಗ ಕೆಲವು ಕಡೆ ಬಿಡುವ ಮೊದಲು ಕಡಿಮೆ ಪ್ರಮಾಣದ ವಿಕಿರಣವನ್ನೂ ಕೊಡುತ್ತಾರೆ. ತಪ್ಪಿ ಸೇರಿಕೊಂಡ ಹೆಣ್ಣುಗಳು ಅದರಿಂದ ಬಂಜೆಯಾಗುತ್ತವೆ, ಗಂಡುಗಳ ಕೂಡುವ ಹುರುಪು ಅಷ್ಟೇನೂ ತಗ್ಗುವುದಿಲ್ಲ.